ತಿಂದದ್ದು ಆಗಿಬರದಿದ್ದರೆ ಅದೆಲ್ಲ ಅಲರ್ಜಿಯಲ್ಲ

ಕರ್ನಾಟಕದ ದೊಡ್ಡವರಲ್ಲಿ ಆಹಾರದ ಅಲರ್ಜಿ ಎಷ್ಟಿದೆ ಅಂತ ತಿಳಿಯಲು ಬೆಂಗಳೂರು, ಮೈಸೂರು ಭಾಗದಲ್ಲಿ ಒಂದು ದೊಡ್ಡ ಸಮೀಕ್ಷೆ ನಡೆದಿತ್ತು. ಯೂರೋಪ್ರಿವಾಲ್ ಎಂಬ ಅಂತರರಾಷ್ಟ್ರೀಯ ಯೋಜನೆಯ ಭಾಗ ಅದು. ಮೊದಲು 11,791 ಜನರನ್ನು ಮಾತಾಡಿಸಿದರು. ಆಮೇಲೆ ಅವರಲ್ಲಿ ಆಯ್ದವರ ರಕ್ತ ತೆಗೆದು 24 ಆಹಾರಗಳಿಗೆ ಪರೀಕ್ಷೆ ಮಾಡಿದರು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಯಾವುದಾದರೂ ಒಂದು ಆಹಾರದ ವಿರುದ್ಧ ರಕ್ತದಲ್ಲಿ ಅಲರ್ಜಿಯ ಗುರುತು ಇದ್ದವರು ಶೇ. 26.5. ಆದರೆ ಆಹಾರದ ಅಲರ್ಜಿ ಇದೆ ಎಂದು ಹೇಳಬಹುದಾದವರು ಶೇ. 1.2 ಮಾತ್ರ.

ನಾಲ್ವರಲ್ಲಿ ಒಬ್ಬರ ರಕ್ತದಲ್ಲಿ ಗುರುತಿದೆ, ತೊಂದರೆ ಇರುವುದು ನೂರರಲ್ಲಿ ಒಬ್ಬರಿಗೆ. ಈ ಅಂತರ ಗೊತ್ತಿಲ್ಲದೆ ನಮ್ಮಲ್ಲಿ ಎರಡು ತಪ್ಪು ಒಟ್ಟಿಗೇ ನಡೆಯುತ್ತಿವೆ. ಒಂದು ಕಡೆ, ಹೊಟ್ಟೆ ಉಬ್ಬಿದರೂ ಅಲರ್ಜಿ, ತುರಿಕೆ ಬಂದರೂ ಅಲರ್ಜಿ ಅಂತ ಮಕ್ಕಳಿಗೆ ಹಾಲು, ಮೊಟ್ಟೆ, ಗೋಧಿ ಎಲ್ಲ ಬಿಡಿಸುತ್ತೇವೆ. ಇನ್ನೊಂದು ಕಡೆ, ಜೀವಕ್ಕೇ ಅಪಾಯ ತರುವ ನಿಜವಾದ ಅಲರ್ಜಿ ಎದುರಿಗೆ ಬಂದಾಗ ಒಂದು ಮಾತ್ರೆ ನುಂಗಿಸಿ ಸುಮ್ನೆ ಕೂರುತ್ತೇವೆ. ಎರಡನೆಯ ತಪ್ಪು ಜಾಸ್ತಿ ಅಪಾಯದ್ದು. ಅದನ್ನು ತಿದ್ದಿಕೊಳ್ಳಬೇಕಾದರೆ ಮೊದಲನೆಯದನ್ನೂ ಅರ್ಥ ಮಾಡಿಕೊಳ್ಳಬೇಕು.

ಮೈಯೊಳಗೆ ಆಗುವುದೇನು?

1921ರಲ್ಲಿ ಜರ್ಮನಿಯಲ್ಲಿ ಇಬ್ಬರು ವೈದ್ಯರು ಒಂದು ಪ್ರಯೋಗ ಮಾಡಿದರು. ಅವರಲ್ಲಿ ಕುಸ್ಟ್ನರ್ ಅವರಿಗೆ ಮೀನಿನ ಅಲರ್ಜಿ ಇತ್ತು, ಪ್ರಾಸ್ನಿಟ್ಜ್ ಅವರಿಗೆ ಇರಲಿಲ್ಲ. ಕುಸ್ಟ್ನರ್ ಅವರ ರಕ್ತದ ತಿಳಿದ್ರವವನ್ನು ಪ್ರಾಸ್ನಿಟ್ಜ್ ತಮ್ಮ ಚರ್ಮದ ಕೆಳಗೆ ಚುಚ್ಚಿಸಿಕೊಂಡರು. ಮಾರನೆಯ ದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದಾಗ ಅಲ್ಲಿ ಮಾತ್ರ ದದ್ದು ಎದ್ದಿತು. ಅಂದರೆ ಅಲರ್ಜಿಯನ್ನು ಹೊತ್ತು ತರುವ ಏನೋ ಒಂದು ರಕ್ತದಲ್ಲೇ ಇದೆ ಎಂದಾಯಿತು. ಆ ಏನೋ ಒಂದು ಏನೆಂದು ಗೊತ್ತಾಗಲು 1960ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. ಅಮೆರಿಕದಲ್ಲಿದ್ದ ಜಪಾನಿನ ಇಶಿಝಾಕಾ ದಂಪತಿ ಮತ್ತು ಸ್ವೀಡನ್ನಿನ ಯೊಹಾನ್ಸನ್, ಬೆನ್ನಿಚ್ ಬೇರೆ ಬೇರೆಯಾಗಿ ಅದನ್ನು ಕಂಡುಹಿಡಿದರು. ಅದೇ ಐಜಿಇ ಎಂಬ ಪ್ರತಿಕಾಯ.

ಐಜಿಇ ನಮ್ಮ ಶತ್ರು ಅಲ್ಲ. ಹೊಟ್ಟೆಹುಳು ಮುಂತಾದ ಪರಾವಲಂಬಿಗಳ ವಿರುದ್ಧ ಮೈ ಕಟ್ಟಿಕೊಂಡ ವ್ಯವಸ್ಥೆಯ ಭಾಗ ಅದು. ಚಿರತೆಗೆ ಇಟ್ಟ ಬೋನಿಗೆ ಮನೆಯ ಕರು ಬಿದ್ದ ಹಾಗೆ, ಕೆಲವರ ಮೈಯಲ್ಲಿ ಈ ವ್ಯವಸ್ಥೆ ಕಡಲೆಬೀಜದ ಪ್ರೋಟೀನನ್ನೋ ಹಾಲಿನ ಪ್ರೋಟೀನನ್ನೋ ಹಿಡಿದುಬಿಡುತ್ತದೆ. ಮೊದಲ ಸಲ ಆ ಪ್ರೋಟೀನು ಮೈಗೆ ಸೇರಿದಾಗ ಹೊರಗೆ ಏನೂ ಕಾಣುವುದಿಲ್ಲ. ಒಳಗೆ ಮಾತ್ರ ಅದಕ್ಕೆಂದೇ ಐಜಿಇ ತಯಾರಾಗಿ, ಚರ್ಮ, ಮೂಗು, ಗಂಟಲು, ಶ್ವಾಸಕೋಶ, ಕರುಳುಗಳಲ್ಲಿರುವ ಮಾಸ್ಟ್ ಎಂಬ ಜೀವಕೋಶಗಳ ಮೇಲೆ ಕೂತುಕೊಳ್ಳುತ್ತದೆ. ಮುಂದಿನ ಸಲ ಅದೇ ಆಹಾರ ಬಂದಾಗ ಆ ಜೀವಕೋಶಗಳು ತಮ್ಮೊಳಗಿನ ಹಿಸ್ಟಮಿನ್ ಮತ್ತು ಬೇರೆ ರಾಸಾಯನಿಕಗಳನ್ನು ಒಮ್ಮೆಗೇ ಚೆಲ್ಲುತ್ತವೆ. ರಕ್ತನಾಳಗಳು ಸಡಿಲವಾಗುತ್ತವೆ, ಅವುಗಳಿಂದ ನೀರು ಸೋರುತ್ತದೆ, ಉಸಿರ ನಳಿಕೆ ಬಿಗಿಯುತ್ತದೆ. ದದ್ದು, ತುಟಿ ಊತ, ವಾಂತಿ, ಉಬ್ಬಸ ಎಲ್ಲವೂ ಇದರ ಫಲ.

ಹೀಗಾಗಿ ಈ ಬಗೆಯ ಅಲರ್ಜಿಗೆ ಮೂರು ಗುಣಗಳಿವೆ. ತಿಂದ ಕೆಲವೇ ನಿಮಿಷಗಳಲ್ಲಿ, ಹೆಚ್ಚೆಂದರೆ ಎರಡು ಗಂಟೆಯೊಳಗೆ ಶುರುವಾಗುತ್ತದೆ. ಸಾಮಾನ್ಯವಾಗಿ ಪ್ರತಿ ಸಲ ತಿಂದಾಗಲೂ ಆಗುತ್ತದೆ. ತೀರಾ ಸ್ವಲ್ಪ ತಿಂದರೂ ಆಗಬಹುದು. ಮನೆಯಲ್ಲಿ ಯಾರಿಗಾದರೂ ಅನುಮಾನ ಬಂದರೆ ಮೊದಲು ಈ ಮೂರನ್ನು ಕೇಳಿಕೊಳ್ಳಿ. ನಿನ್ನೆ ತಿಂದ ಮೊಟ್ಟೆಗೆ ಇವತ್ತು ಸಂಜೆ ದದ್ದು ಎದ್ದಿದ್ದರೆ, ಅಥವಾ ಹೋದ ವಾರ ಅದೇ ಮೊಟ್ಟೆ ತಿಂದಾಗ ಏನೂ ಆಗದಿದ್ದರೆ, ಕಾರಣ ಬೇರೆ ಇರುವ ಸಾಧ್ಯತೆಯೇ ಹೆಚ್ಚು. ಮಕ್ಕಳಿಗೆ ಏಳುವ ದದ್ದುಗಳಲ್ಲಿ ಎಷ್ಟೋ ವೈರಸ್ ಜ್ವರದ ಜೊತೆ ಬಂದವು, ಊಟಕ್ಕೂ ಅವಕ್ಕೂ ಸಂಬಂಧ ಇರುವುದಿಲ್ಲ.

ಅಲರ್ಜಿಯ ಹಾಗೆ ಕಾಣುವ ಬೇರೆ ತೊಂದರೆಗಳು

ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅನ್ನುವುದು, ಗ್ಯಾಸ್ ಆಗುವುದು, ಭೇದಿಯಾಗುವುದು ಬಹುಪಾಲು ಲ್ಯಾಕ್ಟೋಸಿನ ಸಮಸ್ಯೆ. ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವ ದೊಡ್ಡವರಾಗುತ್ತಾ ಕಡಿಮೆಯಾಗುತ್ತದೆ. ದಕ್ಷಿಣ ಭಾರತದಲ್ಲಿ ಇದು ತುಂಬಾ ಸಾಮಾನ್ಯ. ಇಂಥವರಿಗೆ ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ, ಕಾಫಿಗೆ ಹಾಕುವಷ್ಟು ಹಾಲೂ ಒಗ್ಗುತ್ತದೆ. ಹಾಲಿನ ಪ್ರೋಟೀನಿನ ಅಲರ್ಜಿ ಇರುವ ಮಗುವಿಗೆ ಮಜ್ಜಿಗೆಯೂ ಅಪಾಯ. ಹಸುವಿನ ಹಾಲು ಆಗದ ಮಗುವಿಗೆ ಮೇಕೆ ಹಾಲು ಕೊಡಿ ಎನ್ನುವ ಸಲಹೆ ಈಗಲೂ ಊರೂರಲ್ಲಿ ಕೇಳಿಬರುತ್ತದೆ. ದಯವಿಟ್ಟು ಕೊಡಬೇಡಿ. ಹಸು, ಎಮ್ಮೆ, ಮೇಕೆ ಹಾಲಿನ ಪ್ರೋಟೀನುಗಳು ಎಷ್ಟು ಹೋಲುತ್ತವೆ ಎಂದರೆ, ಒಂದಕ್ಕೆ ಅಲರ್ಜಿ ಇದ್ದರೆ ಹೆಚ್ಚಿನವರಿಗೆ ಉಳಿದವಕ್ಕೂ ಇರುತ್ತದೆ.

ಗೋಧಿಯಿಂದ ಬರುವ ಸೀಲಿಯಾಕ್ ಕಾಯಿಲೆಯೂ ಬೇರೆಯೇ. ಅದು ಐಜಿಇ ಕೆಲಸವಲ್ಲ, ನಿಧಾನವಾಗಿ ಕರುಳನ್ನು ಹಾಳು ಮಾಡುವ ಕಾಯಿಲೆ. ಅದರ ಪರೀಕ್ಷೆಯೂ ಬೇರೆ. ಪರೀಕ್ಷೆಗೆ ಮುಂಚೆ ಗೋಧಿ ಬಿಟ್ಟುಬಿಟ್ಟರೆ ರೋಗ ಪತ್ತೆಯಾಗದೆಯೇ ಹೋಗಬಹುದು.

ಕರಾವಳಿಯವರಿಗೆ ಗೊತ್ತಿರಬೇಕಾದ ಇನ್ನೊಂದು ವಿಷಯವಿದೆ. ಬಂಗುಡೆ, ಬೂತಾಯಿ, ಕೇದಾರದಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಜಾಸ್ತಿ. ಹಿಡಿದ ಮೇಲೆ ಐಸ್ ಸರಿಯಾಗಿ ಹಾಕದಿದ್ದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಆಗಿ ಬದಲಿಸುತ್ತದೆ. ಆ ಮೀನು ತಿಂದವರ ಮುಖ ಕೆಂಪಾಗುತ್ತದೆ, ತಲೆ ಸಿಡಿಯುತ್ತದೆ, ಮೈ ತುರಿಸುತ್ತದೆ. ಅಲರ್ಜಿಯ ರಾಸಾಯನಿಕವೇ ಆದ್ದರಿಂದ ಅಲರ್ಜಿಯ ಹಾಗೇ ಕಾಣುತ್ತದೆ. ವ್ಯತ್ಯಾಸ ಏನೆಂದರೆ, ಇಲ್ಲಿ ತಪ್ಪು ಮೀನಿನದು, ತಿಂದವನ ಮೈಯದಲ್ಲ. ಒಂದೇ ಗಸಿ ತಿಂದ ಮನೆಮಂದಿಯಲ್ಲಿ ಹಲವರಿಗೆ ಒಟ್ಟಿಗೇ ಆಗಿದ್ದರೆ, ಬಾಯಿಗೆ ಖಾರ ಖಾರ, ಚುರುಚುರು ಅನ್ನಿಸಿದ್ದರೆ, ಇದರ ಅನುಮಾನ ಪಡಬೇಕು. ಎಷ್ಟೇ ಕುದಿಸಿದರೂ, ಹುರಿದರೂ ಹಿಸ್ಟಮಿನ್ ಹೋಗುವುದಿಲ್ಲ. ಇಂಥ ಒಂದು ಊಟದಿಂದಾಗಿ ಜೀವನಪೂರ್ತಿ ಮೀನು ಬಿಟ್ಟವರಿದ್ದಾರೆ. ಅವರಲ್ಲಿ ಹಲವರು ತಾಜಾ ಮೀನನ್ನು ಆರಾಮಾಗಿ ತಿನ್ನಬಹುದಾಗಿತ್ತು.

ಇನ್ನು ಬದನೆಕಾಯಿ. ಗಾಯವಾದವರಿಗೆ, ಹೊಲಿಗೆ ಹಾಕಿಸಿಕೊಂಡವರಿಗೆ ಬದನೆಕಾಯಿ ನಂಜು, ಕೊಡಬೇಡಿ ಎಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಈ ಮಾತನ್ನು ಮೈಸೂರಿನ ಸಂಶೋಧಕರು ನಿಜಕ್ಕೂ ಪರೀಕ್ಷೆಗೆ ಒಡ್ಡಿದರು. ಅಲ್ಲಿನ ಕೇಂದ್ರ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳೂ ಸೇರಿ 741 ಜನರಲ್ಲಿ ಬದನೆಕಾಯಿ ಅಲರ್ಜಿಯನ್ನು ಹುಡುಕಿದ ಅಧ್ಯಯನ 2008ರಲ್ಲಿ ಬಂತು. ಸುಮಾರು ಶೇ. 9 ಜನರಲ್ಲಿ ಬದನೆಕಾಯಿಗೆ ಮೈ ಸ್ಪಂದಿಸುವ ಗುರುತು ಸಿಕ್ಕಿತು, ಹೆಂಗಸರಲ್ಲಿ ಜಾಸ್ತಿ. ಐಜಿಇಯಿಂದಾದ ನಿಜವಾದ ಅಲರ್ಜಿ ಇದ್ದವರು ಶೇ. 1ಕ್ಕಿಂತ ಕಡಿಮೆ. ಬದನೆಕಾಯಿಯಲ್ಲಿ ಹಿಸ್ಟಮಿನ್‌ನಂಥ ಅಂಶಗಳು ತಾವಾಗಿಯೇ ಇರುತ್ತವೆ, ಹಾಗಾಗಿ ಅಲರ್ಜಿ ಇಲ್ಲದವರಿಗೂ ಕೆಲವೊಮ್ಮೆ ಬಾಯಿ ತುರಿಸಬಹುದು. ಹಿರಿಯರು ಕಂಡದ್ದು ಸುಳ್ಳಲ್ಲ. ಆದರೆ ಕೆಲವರಿಗೆ ಆಗುವುದನ್ನು ಎಲ್ಲರಿಗೂ ಅನ್ವಯಿಸಿದ್ದು ಸರಿಯಲ್ಲ. ಬಾಣಂತಿಗೆ ಒಂದೊಂದೇ ತರಕಾರಿ ಬಿಡಿಸುತ್ತಾ ಕೊನೆಗೆ ಅನ್ನ, ಮೆಣಸಿನ ಸಾರಿಗೆ ತಂದು ನಿಲ್ಲಿಸುವುದು ಅವಳಿಗೂ ಮಗುವಿಗೂ ಒಳ್ಳೆಯದಲ್ಲ.

ಪರೀಕ್ಷೆಯ ಚೀಟಿ ಹೇಳುವುದೆಷ್ಟು?

ಈಗ ಒಂದು ಸಲ ರಕ್ತ ಕೊಟ್ಟರೆ ನೂರು, ಇನ್ನೂರು ಆಹಾರಗಳ ಪಟ್ಟಿ ಕೈಗೆ ಬರುತ್ತದೆ. ಕೆಲವು ಹೆಸರುಗಳ ಮುಂದೆ ಕೆಂಪು ಗುರುತು. ಗಾಬರಿಯಾದ ತಾಯಿ ಆ ಸಾಲುಗಳನ್ನೆಲ್ಲ ಅಡುಗೆಮನೆಯಿಂದ ತೆಗೆದುಹಾಕುತ್ತಾಳೆ. ಮೇಲೆ ಹೇಳಿದ ಶೇ. 26.5 ಮತ್ತು ಶೇ. 1.2ರ ಲೆಕ್ಕವನ್ನು ಇಲ್ಲಿ ನೆನಪಿಸಿಕೊಳ್ಳಿ. ಕರ್ನಾಟಕದ ಆ ಅಧ್ಯಯನದಲ್ಲಿ ಇಲ್ಲಿನವರು ಅಷ್ಟಾಗಿ ತಿನ್ನದ ಆಹಾರಗಳಿಗೂ ಐಜಿಇ ಸಿಕ್ಕಿತ್ತು. ಹೂವಿನ ಪರಾಗ, ಧೂಳಿನ ಹುಳ, ಜಿರಳೆಗಳ ಪ್ರೋಟೀನುಗಳು ಕೆಲವು ಆಹಾರಗಳ ಪ್ರೋಟೀನನ್ನು ಹೋಲುವುದು ಇಂಥ ಗುರುತಿಗೆ ಒಂದು ಕಾರಣ. ಧೂಳಿಗೆ ಸೀನುವವರ ರಕ್ತ ಸಿಗಡಿಗೆ ಪಾಸಿಟಿವ್ ಬರಬಹುದು, ಅವರು ವಾರವಾರ ಸಿಗಡಿ ತಿಂದು ಆರಾಮಾಗಿರಬಹುದು.

ಐಜಿಜಿ ಎಂಬ ಇನ್ನೊಂದು ಪ್ರತಿಕಾಯ ಅಳೆದು, ನಿಮಗೆ ಈ ಆಹಾರಗಳು ಒಗ್ಗುವುದಿಲ್ಲ ಎಂದು ಪಟ್ಟಿ ಕೊಡುವ ಪರೀಕ್ಷೆಗಳೂ ಇವೆ. ಅವುಗಳ ಮೇಲೆ ಹಣ ಹಾಕಬೇಡಿ. ಒಂದು ಆಹಾರವನ್ನು ಆಗಾಗ ತಿಂದರೆ ಅದಕ್ಕೆ ಐಜಿಜಿ ಬರುವುದು ಸಹಜ. ಅಲರ್ಜಿ ತಜ್ಞರ ಸಂಘಗಳು ಈ ಪರೀಕ್ಷೆ ಬೇಡ ಎಂದು ಸ್ಪಷ್ಟವಾಗಿ ಹೇಳಿವೆ.

ಸರಿಯಾದ ದಾರಿ ಹೀಗಿದೆ. ವೈದ್ಯರು ಮೊದಲು ನಡೆದದ್ದನ್ನೆಲ್ಲ ಕೇಳುತ್ತಾರೆ: ಏನು ತಿಂದಿರಿ, ಎಷ್ಟು, ಎಷ್ಟು ಹೊತ್ತಿಗೆ ಶುರುವಾಯಿತು, ಹಿಂದೆ ತಿಂದಾಗ ಏನಾಗಿತ್ತು. ಅನುಮಾನ ಇರುವ ಒಂದೆರಡು ಆಹಾರಕ್ಕೆ ಮಾತ್ರ ಪ್ರಿಕ್ ಟೆಸ್ಟ್ ಅಥವಾ ರಕ್ತಪರೀಕ್ಷೆ ಮಾಡಿಸುತ್ತಾರೆ. ಪ್ರಿಕ್ ಟೆಸ್ಟಿನಲ್ಲಿ ಮುಂಗೈ ಮೇಲೆ ಆಹಾರದ ಸಾರದ ಹನಿ ಇಟ್ಟು ಮೆಲ್ಲಗೆ ಚುಚ್ಚಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ದದ್ದು ಅಳೆಯುತ್ತಾರೆ. 3 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡದಿದ್ದರೆ ಪಾಸಿಟಿವ್. ಆಮೇಲೂ ಗೊಂದಲ ಉಳಿದರೆ ಆಸ್ಪತ್ರೆಯಲ್ಲೇ, ಔಷಧಿ ಸಿದ್ಧ ಇಟ್ಟುಕೊಂಡು, ಆ ಆಹಾರವನ್ನು ಚೂರುಚೂರಾಗಿ ತಿನ್ನಿಸಿ ನೋಡುತ್ತಾರೆ. ಕೊನೆಯ ತೀರ್ಪು ಇದೇ. ಮನೆಯಲ್ಲಿ ಇದನ್ನು ಮಾಡಿ ನೋಡಬಾರದು.

ನಮ್ಮ ಅಡುಗೆಮನೆಯಲ್ಲಿ ಎಲ್ಲೆಲ್ಲಿ ಇರುತ್ತದೆ

ಹಾಲು, ಮೊಟ್ಟೆ, ಗೋಧಿ, ಕಡಲೆಬೀಜ, ಗೋಡಂಬಿ-ಬಾದಾಮಿಯಂಥ ಬೀಜಗಳು, ಸೋಯಾ, ಮೀನು, ಸಿಗಡಿ-ಏಡಿ, ಎಳ್ಳು. ಜಗತ್ತಿನ ಬಹುತೇಕ ಗಂಭೀರ ಅಲರ್ಜಿಗಳು ಇವುಗಳಿಂದ. ನಮ್ಮಲ್ಲಿ ಕಡಲೆ, ಉದ್ದಿನಂಥ ಬೇಳೆಗಳಿಗೂ ಅಲರ್ಜಿ ವರದಿಯಾಗಿದೆ.

ಅಲರ್ಜಿ ಖಚಿತವಾದವರಿಗೆ ಕಷ್ಟ ಇರುವುದು ಎದುರಿಗೆ ಕಾಣುವ ಆಹಾರದಲ್ಲಿ ಅಲ್ಲ, ಅಡಗಿರುವುದರಲ್ಲಿ. ಚಿತ್ರಾನ್ನದ ಕಡಲೆಬೀಜ ಕಣ್ಣಿಗೆ ಕಾಣುತ್ತದೆ. ಪಲ್ಯದ ಮೇಲೆ ಉದುರಿಸಿದ ಶೇಂಗಾ ಪುಡಿ ಕಾಣುವುದಿಲ್ಲ. ಗೋಡಂಬಿ ರುಬ್ಬಿ ಹಾಕಿದ ಹೋಟೆಲ್ ಗ್ರೇವಿ ನೋಡಿದರೆ ಬರೀ ಟೊಮ್ಯಾಟೊ ಅನ್ನಿಸುತ್ತದೆ. ಅಂಗಡಿಯ ಇಂಗಿನ ಡಬ್ಬಿ ತಿರುಗಿಸಿ ಓದಿ. ಬಹಳಷ್ಟು ಇಂಗಿನಲ್ಲಿ ಗೋಧಿಹಿಟ್ಟು ಅಥವಾ ಮೈದಾ ಸೇರಿರುತ್ತದೆ, ಗೋಧಿ ಬಿಟ್ಟವರ ಸಾರಿನ ಒಗ್ಗರಣೆಯಲ್ಲೇ ಗೋಧಿ ಕೂತಿರುತ್ತದೆ. ಒಂದೇ ಬಾಣಲೆಯಲ್ಲಿ ಸಿಗಡಿಯನ್ನೂ ಬಜ್ಜಿಯನ್ನೂ ಕರಿದರೆ ಬಜ್ಜಿಯಲ್ಲೂ ಸಿಗಡಿಯ ಪ್ರೋಟೀನು ಇರುತ್ತದೆ.

ಗಾಣದ ಎಣ್ಣೆ ಈಗ ಮತ್ತೆ ಬಳಕೆಗೆ ಬಂದಿದೆ, ರುಚಿಯೂ ಚೆನ್ನಾಗಿದೆ. ಆದರೆ ಕಡಲೆಬೀಜದ ಅಲರ್ಜಿ ಇರುವ ಮನೆಯವರು ಒಂದು ವಿಷಯ ತಿಳಿದಿರಬೇಕು. ಚೆನ್ನಾಗಿ ರಿಫೈನ್ ಮಾಡಿದ ಶೇಂಗಾ ಎಣ್ಣೆಯಲ್ಲಿ ಪ್ರೋಟೀನು ಹೆಚ್ಚುಕಡಿಮೆ ಹೋಗಿರುತ್ತದೆ. ಗಾಣದಲ್ಲಿ ಹಿಂಡಿದ ಎಣ್ಣೆಯಲ್ಲಿ ಉಳಿದಿರುತ್ತದೆ. ಉಳಿದವರಿಗೆ ಒಳ್ಳೆಯದೆನಿಸಿದ ಎಣ್ಣೆ ಇವರಿಗೆ ಆಗುವುದಿಲ್ಲ. ಹಾಗೆಯೇ, ಬೇಯಿಸಿದ ಕಡಲೆಕಾಯಿಗಿಂತ ಹುರಿದದ್ದು ಅಲರ್ಜಿಯನ್ನು ಜಾಸ್ತಿ ಕೆರಳಿಸುತ್ತದೆ. ಹಾಗಂತ ಅಲರ್ಜಿ ಇದ್ದವರು ಬಸವನಗುಡಿಯ ಪರಿಷೆಯಲ್ಲಿ ಬೇಯಿಸಿದ್ದನ್ನು ತಿನ್ನಬಹುದು ಎಂದಲ್ಲ.

ಸಂಕ್ರಾಂತಿ ಇಂಥ ಮಕ್ಕಳ ಮನೆಗೆ ಕಷ್ಟದ ಹಬ್ಬ. ಎಳ್ಳು, ಹುರಿದ ಕಡಲೆಬೀಜ, ಕೊಬ್ಬರಿ, ಹುರಿಗಡಲೆ, ಬೆಲ್ಲ ಎಲ್ಲ ಒಂದೇ ಪೊಟ್ಟಣದಲ್ಲಿ ಕಲೆತಿರುತ್ತವೆ. ಮನೆಮನೆಯಿಂದ ಬರುತ್ತವೆ, ಮಕ್ಕಳ ಕೈಗೇ ಕೊಡುತ್ತಾರೆ, ಬೇಡ ಅನ್ನಲು ಸಂಕೋಚ. ಕಡಲೆಬೀಜ ಆರಿಸಿ ತೆಗೆದು ಉಳಿದದ್ದು ಕೊಟ್ಟರಾಯಿತು ಅನ್ನಿಸಬಹುದು. ಆಗುವುದಿಲ್ಲ. ಪುಡಿ, ಸಿಪ್ಪೆ ಎಲ್ಲಕ್ಕೂ ಅಂಟಿರುತ್ತದೆ. ಆ ಮಗುವಿಗೆ ಮನೆಯಲ್ಲೇ ಬೇರೆ ಪೊಟ್ಟಣ ಮಾಡಿಟ್ಟು, ಅಕ್ಕಪಕ್ಕದವರಿಗೆ ಮೊದಲೇ ಹೇಳಿಡುವುದು ಒಳ್ಳೆಯದು. ಎಳ್ಳು ಬೀರಲು ಹೋಗುವವರೂ ಮಗುವಿನ ಕೈಗೆ ಕೊಡುವ ಮುಂಚೆ ಅಮ್ಮನನ್ನು ಒಂದು ಮಾತು ಕೇಳಿದರೆ ಎಷ್ಟೋ ಉಪಕಾರ.

ಪ್ಯಾಕೆಟ್ ಆಹಾರದ ವಿಷಯದಲ್ಲಿ ಕಾನೂನು ನಮ್ಮ ಪರ ಇದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮಗಳ ಪ್ರಕಾರ ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ ಜಾತಿ, ಕಡಲೆಬೀಜ, ಮರದ ಬೀಜಗಳು, ಸೋಯಾ, ಮತ್ತು ಒಂದು ಮಿತಿ ಮೀರಿದ ಸಲ್ಫೈಟ್ ಇದ್ದರೆ ಪ್ಯಾಕೆಟ್ ಮೇಲೆ ಬರೆಯಲೇಬೇಕು. ಹತ್ತು ಅಥವಾ ಹೆಚ್ಚು ಕಡೆ ಶಾಖೆ ಇರುವ ಹೋಟೆಲುಗಳೂ ಈ ಮಾಹಿತಿ ಕೊಡಬೇಕು. ಈ ಪಟ್ಟಿಯಲ್ಲಿ ಎಳ್ಳು ಇಲ್ಲ, ಅದನ್ನು ಪದಾರ್ಥಗಳ ಸಾಲಿನಲ್ಲೇ ಹುಡುಕಬೇಕು. ಬೇಕರಿ, ಕಾಂಡಿಮೆಂಟ್ಸ್, ಮದುವೆ ಮನೆಯ ಅಡುಗೆಗೆ ಲೇಬಲ್ ಇರುವುದಿಲ್ಲ. ಅಲ್ಲಿ ಬಡಿಸುವವರನ್ನು ಕೇಳಿ ಪ್ರಯೋಜನವಿಲ್ಲ, ಅಡುಗೆ ಭಟ್ಟರನ್ನೇ ಕೇಳಬೇಕು.

ಆಗಿಯೇ ಹೋದರೆ

ಆರು ವರ್ಷದ ಹುಡುಗಿ, 20 ಕೆಜಿ ತೂಕ, ಗೃಹಪ್ರವೇಶದ ಊಟದಲ್ಲಿ ಗೋಡಂಬಿ ಬರ್ಫಿ ತಿಂದಳು ಎಂದುಕೊಳ್ಳಿ. ಐದು ನಿಮಿಷಕ್ಕೆ ತುಟಿ ತುರಿಸುತ್ತಿದೆ ಅನ್ನುತ್ತಾಳೆ. ಕುತ್ತಿಗೆ, ಹೊಟ್ಟೆ ಮೇಲೆ ಗಂಧೆ ಏಳುತ್ತದೆ. ಪಿತ್ತದ ಗಂಧೆ, ಕಂಬಳಿ ಹೊದಿಸಿ ಅಂತ ಅಜ್ಜಿ ಹೇಳುತ್ತಾರೆ. ಪುನರ್ಪುಳಿ ಶರಬತ್ತು ಕುಡಿಸಿ ಅಂತ ಅತ್ತೆ ಹೇಳುತ್ತಾರೆ. ಚಿಕ್ಕಪ್ಪ ಅವಿಲ್ ಮಾತ್ರೆ ಹುಡುಕುತ್ತಾರೆ. ಅಷ್ಟರಲ್ಲಿ ಮಗು ಒಂದು ಸಲ ವಾಂತಿ ಮಾಡುತ್ತದೆ, ಕೆಮ್ಮುತ್ತದೆ, ದನಿ ಒಡೆಯುತ್ತದೆ. ಆಮೇಲೆ ತೂಕಡಿಸಿದ ಹಾಗೆ ಸೊರಗುತ್ತದೆ. ವಾಂತಿಯಾಯಿತಲ್ಲ, ಇನ್ನು ಸರಿಹೋಗುತ್ತೆ, ಮಲಗಲಿ ಬಿಡಿ ಅನ್ನಿಸುವುದು ಈ ಹೊತ್ತಿನಲ್ಲೇ. ಆ ನಿದ್ದೆ ನಿದ್ದೆಯಲ್ಲ, ರಕ್ತದೊತ್ತಡ ಕುಸಿಯುತ್ತಿರುವ ಸೂಚನೆ.

ಇದರ ಹೆಸರು ಅನಾಫಿಲ್ಯಾಕ್ಸಿಸ್. ಚರ್ಮದ ತೊಂದರೆಯ ಜೊತೆ ಉಸಿರು, ರಕ್ತದೊತ್ತಡ, ಹೊಟ್ಟೆ ಇವುಗಳಲ್ಲಿ ಇನ್ನೊಂದಕ್ಕೂ ತೊಂದರೆ ಬಂದರೆ ಅದು ಅನಾಫಿಲ್ಯಾಕ್ಸಿಸ್ ಎಂದೇ ತಿಳಿಯಬೇಕು. ಗೊತ್ತಿರುವ ಅಲರ್ಜಿಯ ಆಹಾರ ತಿಂದಾದ ಮೇಲೆ ದದ್ದು ಇಲ್ಲದೆ ಬರೀ ಉಬ್ಬಸ ಬಂದರೂ, ತಲೆ ಸುತ್ತಿ ಬಿದ್ದರೂ ಅದೇ. ಇದಕ್ಕೆ ಮದ್ದು ಒಂದೇ, ಅಡ್ರಿನಲಿನ್ ಚುಚ್ಚುಮದ್ದು. ತೊಡೆಯ ಮಧ್ಯದ ಹೊರಭಾಗದ ಸ್ನಾಯುವಿಗೆ ಚುಚ್ಚಬೇಕು. ಕೆಜಿಗೆ 0.01 ಮಿಲಿಗ್ರಾಂ ಲೆಕ್ಕದಲ್ಲಿ ಈ ಹುಡುಗಿಗೆ 0.2 ಮಿಲಿಗ್ರಾಂ, ದೊಡ್ಡವರಿಗೆ ಹೆಚ್ಚೆಂದರೆ 0.5. ಸಡಿಲವಾದ ರಕ್ತನಾಳವನ್ನು ಅದು ಬಿಗಿಗೊಳಿಸುತ್ತದೆ, ಬಿಗಿದ ಉಸಿರ ನಳಿಕೆಯನ್ನು ಸಡಿಲಿಸುತ್ತದೆ, ಮಾಸ್ಟ್ ಕೋಶಗಳು ಇನ್ನಷ್ಟು ಚೆಲ್ಲದಂತೆ ತಡೆಯುತ್ತದೆ. ಅವಿಲ್, ಸೆಟ್ರಿಜಿನ್‌ಗಳಿಗೆ ಈ ಶಕ್ತಿ ಇಲ್ಲ. ಅವು ತುರಿಕೆ ಕಡಿಮೆ ಮಾಡುತ್ತವೆ, ಅಷ್ಟೇ. ದದ್ದು ಇಳಿದು ನೋಡಲು ಗುಣವಾದಂತೆ ಕಂಡರೂ ಒಳಗೆ ಉಸಿರು ಕಟ್ಟುತ್ತಲೇ ಇರಬಹುದು. ಸ್ಟೀರಾಯ್ಡ್ ಕೂಡ ಈ ಹೊತ್ತಿನ ಮದ್ದಲ್ಲ, ಅದು ಕೆಲಸ ಶುರುಮಾಡಲು ಗಂಟೆಗಳು ಬೇಕು.

ಅಡ್ರಿನಲಿನ್ ಎಂದರೆ ಜನ ಹೆದರುತ್ತಾರೆ. ಎದೆ ಡವಡವ ಅನ್ನುವುದು, ಕೈ ನಡುಗುವುದು ಆಗುತ್ತದೆ, ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಅನಾಫಿಲ್ಯಾಕ್ಸಿಸ್‌ನಿಂದ ಸತ್ತವರ ದಾಖಲೆಗಳಲ್ಲಿ ಮತ್ತೆ ಮತ್ತೆ ಕಾಣುವುದು ಅಡ್ರಿನಲಿನ್ ಕೊಡದೇ ಹೋದದ್ದು ಅಥವಾ ತಡವಾಗಿ ಕೊಟ್ಟದ್ದು. ಅನುಮಾನದ ಮೇಲೆ ಕೊಟ್ಟು, ಆಮೇಲೆ ಬೇಕಾಗಿರಲಿಲ್ಲ ಎಂದಾದರೂ ಆಗುವ ನಷ್ಟ ಕಡಿಮೆ.

ವಿದೇಶಗಳಲ್ಲಿ ಇದಕ್ಕೆ ಪೆನ್ನಿನಂಥ ಸಾಧನ ಸಿಗುತ್ತದೆ, ತೊಡೆಗೆ ಒತ್ತಿದರೆ ಸಾಕು. 2024ರಲ್ಲಿ ಅಮೆರಿಕ ಮೂಗಿಗೆ ಹೊಡೆಯುವ ಸ್ಪ್ರೇಗೂ ಅನುಮತಿ ಕೊಟ್ಟಿತು. ಭಾರತದಲ್ಲಿ ಆ ಪೆನ್ನು ಸುಲಭವಾಗಿ ಸಿಗುವುದಿಲ್ಲ. ಆದರೆ 1 ಮಿಲಿಲೀಟರಿನ ಅಡ್ರಿನಲಿನ್ ಆಂಪೂಲ್ ಅಗ್ಗದ ಔಷಧಿ, ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇದೆ. ಲಸಿಕೆ ಹಾಕುವ ಕಡೆಯೆಲ್ಲ ಅದನ್ನು ಇಟ್ಟಿರಬೇಕು, ಹಾಗಾಗಿ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸಿಗಬೇಕು. ಗಂಭೀರ ಅಲರ್ಜಿ ಇರುವ ಮಗುವಿನ ಅಪ್ಪ ಅಮ್ಮ ವೈದ್ಯರ ಹತ್ತಿರ ಆಂಪೂಲ್ ಒಡೆದು ಸಿರಿಂಜಿಗೆ ಎಳೆಯುವುದನ್ನು, ತೊಡೆಗೆ ಚುಚ್ಚುವುದನ್ನು ಕಲಿತು, ಅಳತೆಯನ್ನು ಚೀಟಿಯಲ್ಲಿ ಬರೆಸಿಕೊಂಡು ಇಟ್ಟುಕೊಳ್ಳುವುದು ಇಲ್ಲಿ ಸಾಧ್ಯವಿರುವ ದಾರಿ. ಶಾಲೆಗೂ ಆ ಚೀಟಿಯ ಒಂದು ಪ್ರತಿ ಕೊಡಿ.

ಚುಚ್ಚಿದ ಮೇಲೆ ಮಗುವನ್ನು ಅಂಗಾತ ಮಲಗಿಸಿ ಕಾಲು ಸ್ವಲ್ಪ ಎತ್ತರಕ್ಕಿಡಿ. ಉಸಿರಿಗೆ ಕಷ್ಟವಿದ್ದರೆ ಒರಗಿಸಿ ಕೂರಿಸಿ, ವಾಂತಿ ಬರುತ್ತಿದ್ದರೆ ಮಗ್ಗುಲಿಗೆ ಮಲಗಿಸಿ. ಎಬ್ಬಿಸಿ ನಡೆಸಬೇಡಿ, ಒಮ್ಮೆಗೇ ನಿಲ್ಲಿಸಿದರೆ ಹೃದಯಕ್ಕೆ ಹೋಗುವ ರಕ್ತ ಕಡಿಮೆಯಾಗಿ ಪ್ರಾಣಕ್ಕೇ ಕುತ್ತು ಬರಬಹುದು. ನೀರು, ಮಜ್ಜಿಗೆ ಏನೂ ಕುಡಿಸಬೇಡಿ. 108ಕ್ಕೆ ಕರೆ ಮಾಡಿ. ಐದರಿಂದ ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಂದು ಸಲ ಚುಚ್ಚಬಹುದು. ಪೂರ್ತಿ ಗುಣವಾದಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಕೆಲವರಿಗೆ ಕೆಲವು ಗಂಟೆ ಬಿಟ್ಟು ಎರಡನೆಯ ಸಲ ಉಲ್ಬಣಿಸುತ್ತದೆ. ಅಸ್ತಮಾ ಇರುವವರಿಗೆ ಅಪಾಯ ಜಾಸ್ತಿ, ಅವರ ಇನ್‌ಹೇಲರ್ ಎಂದೂ ತಪ್ಪಬಾರದು.

ಬಾರದಂತೆ ತಡೆಯಲು ಆಗುತ್ತದೆಯೇ?

ಈ ವಿಷಯದಲ್ಲಿ ವೈದ್ಯಲೋಕ ಪೂರ್ತಿ ಹಿಂದುಮುಂದಾಯಿತು. 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘ, ಅಲರ್ಜಿಯ ಸಾಧ್ಯತೆ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಬೀಜ ಕೊಡಬೇಡಿ ಎಂದಿತ್ತು. 2008ರ ಹೊತ್ತಿಗೆ ಆ ಸಲಹೆಯನ್ನು ಕೈಬಿಟ್ಟಿತು. ಅದೇ ವರ್ಷ ಬಂದ ಒಂದು ಅಧ್ಯಯನ ಬ್ರಿಟನ್ನಿನ ಯಹೂದಿ ಮಕ್ಕಳನ್ನು ಇಸ್ರೇಲಿನ ಮಕ್ಕಳ ಜೊತೆ ಹೋಲಿಸಿತ್ತು. ಬ್ರಿಟನ್ನಿನಲ್ಲಿ ಕಡಲೆಬೀಜದ ಅಲರ್ಜಿ ಶೇ. 1.85, ಇಸ್ರೇಲಿನಲ್ಲಿ ಶೇ. 0.17. ಇಸ್ರೇಲಿನ ಮಕ್ಕಳು ವರ್ಷ ತುಂಬುವ ಮೊದಲೇ ಬಾಂಬಾ ಎಂಬ ಕಡಲೆಬೀಜದ ಕುರುಕಲು ತಿನ್ನುತ್ತಾರೆ.

ಲಂಡನ್ನಿನ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು ಇದನ್ನು ನೇರವಾಗಿ ಪರೀಕ್ಷಿಸಿದರು. ಜೋರಾದ ಇಸಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ, 4ರಿಂದ 11 ತಿಂಗಳ 640 ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳಿಗೆ ಕಡಲೆಬೀಜದ ತಿನಿಸನ್ನು ಆಗಾಗ ಕೊಡುತ್ತಾ ಬಂದರು, ಉಳಿದವರಿಗೆ ಪೂರ್ತಿ ನಿಲ್ಲಿಸಿದರು. ಐದು ವರ್ಷ ತುಂಬಿದಾಗ, ತಿನ್ನದ ಗುಂಪಿನಲ್ಲಿ ಶೇ. 17.2 ಮಕ್ಕಳಿಗೆ ಅಲರ್ಜಿ ಬಂದಿತ್ತು, ತಿಂದ ಗುಂಪಿನಲ್ಲಿ ಶೇ. 3.2. ಫಲಿತಾಂಶ 2015ರಲ್ಲಿ ಬಂತು, 2017ಕ್ಕೆ ಅಮೆರಿಕದ ಮಾರ್ಗಸೂಚಿ ಬದಲಾಯಿತು. ಆ ಮಕ್ಕಳು ಹದಿಹರೆಯಕ್ಕೆ ಬಂದ ಮೇಲೂ ರಕ್ಷಣೆ ಉಳಿದಿತ್ತು ಎಂದು 2024ರಲ್ಲಿ ವರದಿಯಾಯಿತು.

ಬಾಯಿಯ ಮೂಲಕ ಬಂದ ಪ್ರೋಟೀನನ್ನು ಕರುಳು ಆಹಾರ ಎಂದು ಒಪ್ಪಿಕೊಳ್ಳಲು ಕಲಿಯುತ್ತದೆ. ಒಡೆದ ಚರ್ಮದ ಮೂಲಕ ಬಂದರೆ ಮೈ ಅದನ್ನು ಶತ್ರು ಎಂದು ಹಿಡಿಯುವ ಸಾಧ್ಯತೆ ಹೆಚ್ಚು. ಈ ವಿವರಣೆಗೆ ಜಪಾನಿನಲ್ಲಿ ಬೇಸರದ ಪುರಾವೆ ಸಿಕ್ಕಿತು. ಗೋಧಿಯ ಪ್ರೋಟೀನನ್ನು ಒಡೆದು ಸೇರಿಸಿದ ಒಂದು ಮುಖದ ಸೋಪು ಅಲ್ಲಿ 2010ರವರೆಗೆ ಮಾರಾಟದಲ್ಲಿತ್ತು. ಅದನ್ನು ಬಳಸಿದ 2,000ಕ್ಕೂ ಹೆಚ್ಚು ಜನರಿಗೆ ಗೋಧಿಯ ಅಲರ್ಜಿ ಬಂತು. ಅಲ್ಲಿಯವರೆಗೆ ಗೋಧಿ ತಿಂದು ಆರಾಮಾಗಿದ್ದವರು ಅವರು.

ನಮ್ಮ ಮನೆಗಳಿಗೆ ಇದರಿಂದ ಎರಡು ವಿಷಯ. ಕೂಸಿನ ಚರ್ಮ ಕೆಂಪಾಗಿ ಒಡೆದಿದ್ದರೆ, ಇಸಬು ಇದ್ದರೆ, ಕಡಲೆಹಿಟ್ಟು, ಹೆಸರುಹಿಟ್ಟು ಉಜ್ಜಿ ಸ್ನಾನ ಮಾಡಿಸುವುದನ್ನು, ಶೇಂಗಾ ಅಥವಾ ಬಾದಾಮಿ ಎಣ್ಣೆ ತಿಕ್ಕುವುದನ್ನು ನಿಲ್ಲಿಸಿ. ಇಸಬಿಗೆ ಚರ್ಮದ ವೈದ್ಯರಿಂದ ಸರಿಯಾದ ಚಿಕಿತ್ಸೆ ಕೊಡಿಸಿ. ಎರಡನೆಯದು ಊಟದ್ದು. ಆರು ತಿಂಗಳಿಗೆ ಅನ್ನ ಮುಟ್ಟಿಸುವ ಪದ್ಧತಿ ನಮ್ಮದು. ಅಲ್ಲಿಂದಾಚೆಗೆ ಮೊಟ್ಟೆ, ಕಡಲೆಬೀಜ, ಗೋಧಿಗಳನ್ನು ಹೆದರಿ ಮುಂದಕ್ಕೆ ತಳ್ಳಬೇಡಿ. ಕಡಲೆಬೀಜವನ್ನು ಹುರಿದು, ಸಿಪ್ಪೆ ತೆಗೆದು, ನುಣ್ಣಗೆ ಪುಡಿ ಮಾಡಿ ರಾಗಿ ಸರಿಯಲ್ಲಿ ಕಲಸಿ. ಮೊದಲ ದಿನ ಚಮಚದ ತುದಿಯಷ್ಟು ಸಾಕು. ಮಗು ಹುಷಾರಾಗಿರುವ ದಿನ, ಬೆಳಗಿನ ಹೊತ್ತು ಕೊಡಿ, ಎರಡು ಗಂಟೆ ಗಮನಿಸಿ. ಒಗ್ಗಿದರೆ ವಾರಕ್ಕೆ ಎರಡು ಮೂರು ಸಲ ಕೊಡುತ್ತಾ ಹೋಗಬೇಕು, ಒಂದು ಸಲ ಕೊಟ್ಟು ತಿಂಗಳುಗಟ್ಟಲೆ ಬಿಟ್ಟರೆ ಪ್ರಯೋಜನವಿಲ್ಲ. ಇಡೀ ಬೀಜ ಮಾತ್ರ ಚಿಕ್ಕ ಮಕ್ಕಳ ಕೈಗೆ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮೊಟ್ಟೆ ಪೂರ್ತಿ ಬೆಂದಿರಲಿ. ಜೋರಾದ ಇಸಬು ಇರುವ ಅಥವಾ ಈಗಾಗಲೇ ಒಂದು ಅಲರ್ಜಿ ಇರುವ ಕೂಸಿಗೆ ಮೊದಲು ವೈದ್ಯರನ್ನು ಕೇಳಿ.

ಸರಿಹಿಟ್ಟಿನ ಬಗ್ಗೆ ಒಂದು ಮಾತು. ರಾಗಿ, ಗೋಧಿ, ಹೆಸರುಬೇಳೆ, ಬಾದಾಮಿ, ಗೋಡಂಬಿ ಎಲ್ಲ ಹುರಿದು ಬೀಸಿದ ಹಿಟ್ಟು ಪುಷ್ಟಿಕರ, ಬೇಡ ಎನ್ನುತ್ತಿಲ್ಲ. ಅದರಲ್ಲಿರುವ ಒಂದೊಂದನ್ನೂ ಬೇರೆಬೇರೆಯಾಗಿ ಕೊಟ್ಟು ನೋಡಿದ ಮೇಲೆ ಅದನ್ನು ಶುರು ಮಾಡಿ. ಎಂಟು ಪದಾರ್ಥ ಒಮ್ಮೆಗೇ ಕೊಟ್ಟಾಗ ದದ್ದು ಎದ್ದರೆ ಯಾವುದರಿಂದ ಅಂತ ಹೇಳುವುದು ಹೇಗೆ, ಅಲ್ವಾ?

ಬಸುರಿಯರು, ಬಾಣಂತಿಯರು ಮಗುವಿಗೆ ಅಲರ್ಜಿ ಬಾರದಿರಲಿ ಎಂದು ಯಾವ ಆಹಾರವನ್ನೂ ಬಿಡಬೇಕಾಗಿಲ್ಲ. ಮಗುವಿಗೆ ಹಾಲಿನ ಪ್ರೋಟೀನಿನ ಅಲರ್ಜಿ ಖಚಿತವಾಗಿದ್ದು ವೈದ್ಯರು ಹೇಳಿದರೆ ಮಾತ್ರ ತಾಯಿ ಹಾಲು, ಮೊಸರು ಬಿಡಬೇಕಾಗಬಹುದು. ಆಗಲೂ ಎದೆಹಾಲು ನಿಲ್ಲಿಸಬೇಡಿ.

ಚಿಕಿತ್ಸೆ ಎಲ್ಲಿಗೆ ಬಂದಿದೆ?

ಬಹಳ ಕಾಲ ಆ ಆಹಾರ ತಿನ್ನಬೇಡಿ ಎನ್ನುವುದೊಂದೇ ಚಿಕಿತ್ಸೆಯಾಗಿತ್ತು. ಈಗ ಎರಡು ದಾರಿ ತೆರೆದಿವೆ. ಒಂದು, ಅಲರ್ಜಿ ಇರುವ ಆಹಾರವನ್ನೇ ಮಿಲಿಗ್ರಾಂ ಲೆಕ್ಕದಲ್ಲಿ ದಿನಾ ಕೊಡುತ್ತಾ, ತಿಂಗಳುಗಟ್ಟಲೆ ನಿಧಾನವಾಗಿ ಏರಿಸುವುದು. ಇದರಿಂದ ತಟ್ಟೆ ತುಂಬಾ ತಿನ್ನಲು ಆಗುವುದಿಲ್ಲ. ಗೊತ್ತಿಲ್ಲದೆ ಬಾಯಿಗೆ ಬಿದ್ದ ಒಂದು ಬೀಜದಿಂದ ಅಪಾಯವಾಗದಷ್ಟು ಮೈ ಪಳಗುತ್ತದೆ. ಚಿಕಿತ್ಸೆಯ ಮಧ್ಯೆಯೂ ಅಲರ್ಜಿ ಕೆರಳಬಹುದು, ಆದ್ದರಿಂದ ತಜ್ಞರ ಕೈಯಲ್ಲೇ ಆಗಬೇಕು. ಇನ್ನೊಂದು, ಐಜಿಇಯನ್ನೇ ಹಿಡಿದು ಕಟ್ಟಿಹಾಕುವ ಒಮಾಲಿಜುಮ್ಯಾಬ್ ಎಂಬ ಚುಚ್ಚುಮದ್ದು. ಅಸ್ತಮಾಕ್ಕೆ ಮೊದಲಿನಿಂದ ಬಳಕೆಯಲ್ಲಿದ್ದ ಇದಕ್ಕೆ 2024ರ ಫೆಬ್ರವರಿಯಲ್ಲಿ ಅಮೆರಿಕ ಆಹಾರದ ಅಲರ್ಜಿಗೂ ಅನುಮತಿ ಕೊಟ್ಟಿತು. ಪ್ರಯೋಗದಲ್ಲಿ ಇದನ್ನು ಪಡೆದವರಲ್ಲಿ ಶೇ. 67 ಜನ ಸುಮಾರು ಎರಡೂವರೆ ಕಡಲೆಬೀಜದಷ್ಟು ಪ್ರೋಟೀನನ್ನು ತಡೆದುಕೊಂಡರು, ಹೋಲಿಕೆಗೆಂದು ಔಷಧಿಯಿಲ್ಲದ ಸುಳ್ಳು ಮದ್ದು ಪಡೆದವರಲ್ಲಿ ಶೇ. 7. ದುಬಾರಿ ಔಷಧಿ, ಎಲ್ಲರ ಕೈಗೆ ಎಟುಕುವುದಿಲ್ಲ. ಆದರೂ ಒಂದೇ ಮದ್ದು ಹಲವು ಆಹಾರಗಳ ಅಲರ್ಜಿಗೆ ಕೆಲಸ ಮಾಡುವುದು ದೊಡ್ಡ ಹೆಜ್ಜೆ.

ಎಷ್ಟೋ ಮಕ್ಕಳಿಗೆ ಇದ್ಯಾವುದೂ ಬೇಕಾಗುವುದಿಲ್ಲ. ಹಾಲು, ಮೊಟ್ಟೆ, ಗೋಧಿಯ ಅಲರ್ಜಿ ಬಹುಪಾಲು ಮಕ್ಕಳಲ್ಲಿ ಬೆಳೆಯುತ್ತಾ ತಾನೇ ಹೋಗುತ್ತದೆ. ಕಡಲೆಬೀಜದ್ದು ಐವರಲ್ಲಿ ಒಬ್ಬರಿಗೆ ಹೋಗುತ್ತದೆ. ಮೀನು, ಸಿಗಡಿ, ಗೋಡಂಬಿಯಂಥವು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಮೊಟ್ಟೆ ಆಗದ ಮಗುವಿಗೆ ಕೇಕಿನಲ್ಲಿ ಚೆನ್ನಾಗಿ ಬೆಂದ ಮೊಟ್ಟೆ ಎಷ್ಟೋ ಸಲ ಮೊದಲು ಒಗ್ಗುತ್ತದೆ, ಆಮ್ಲೆಟ್ ಆಮೇಲೆ. ಆದ್ದರಿಂದ ಎರಡು ವರ್ಷದ ಮಗುವಿಗೆ ಬರೆದುಕೊಟ್ಟ ಚೀಟಿಯನ್ನು ಹತ್ತು ವರ್ಷವಾದರೂ ಪಾಲಿಸುತ್ತಾ ಇರಬೇಡಿ. ವರ್ಷಕ್ಕೊಂದು ಸಲ ವೈದ್ಯರಿಗೆ ತೋರಿಸಿ, ಈಗ ಕೊಟ್ಟು ನೋಡಬಹುದೇ ಎಂದು ಕೇಳಿ, ಅವರು ಒಪ್ಪಿದರೆ ಆಸ್ಪತ್ರೆಯಲ್ಲೇ ತಿನ್ನಿಸಿ ನೋಡಿ.